ಕಿವಿ ಮೇಷ್ಟ್ರು ಮೀಟರ್ ನೋಡಿದ್ದು

ಮೀಟರ್ ಸುಳ್ಳು ಹೇಳೀತು, ಕಿವಿ ಹೇಳುವುದಿಲ್ಲ ಎಂಬುದು ಅಪ್ಪನ ಮಾತು. ಮೂವತ್ನಾಲ್ಕು ವರ್ಷ ರೇಡಿಯೋ ಕೇಂದ್ರದ ಧ್ವನಿಮುದ್ರಣ ವಿಭಾಗದಲ್ಲಿ ಅವರು ಇದನ್ನು ಎಷ್ಟು ಸಲ ಹೇಳಿದ್ದರೋ, ಮನೆಯಲ್ಲಿ ಮಗಳು ಎಷ್ಟು ಸಲ ಕೇಳಿದ್ದಳೋ, ದೇವರಿಗೇ ಗೊತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಠ ಶುರುಮಾಡುವ ಮುಂಚೆ, ಸದ್ದಿನ ಏರಿಳಿತ ತೋರಿಸುವ ಮುಳ್ಳಿನ ಮೀಟರಿನ ಗಾಜಿಗೆ ಅವರು ಒಂದು ಚೀಟಿ ಅಂಟಿಸಿಬಿಡುತ್ತಿದ್ದರು. ಮೊದಲು ಕಣ್ಣು ಮುಚ್ಚಿ ಕೇಳಿ, ಬೇಕಾದರೆ ಆಮೇಲೆ ಚೀಟಿ ಕಿತ್ತು ನೋಡಿ ಅನ್ನುತ್ತಿದ್ದರು. ಅದಕ್ಕೇ ಅವರಿಗೆ ಕಿವಿ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. ನಿವೃತ್ತರಾದ ದಿನ ಜೊತೆಯವರು ಹಳೆಯದೊಂದು ಮುಳ್ಳಿನ ಮೀಟರನ್ನೇ ಪೆಟ್ಟಿಗೆಯಲ್ಲಿ ಕೂರಿಸಿ, ಗಾಜಿನ ಮೇಲೆ ಚೀಟಿ ಅಂಟಿಸಿ, ‘ಕಿವಿ ಇದೆಯಲ್ಲ’ ಎಂದು ಬರೆದು ಉಡುಗೊರೆ ಕೊಟ್ಟಿದ್ದರು. ಅಪ್ಪ ಅದನ್ನು ಮನೆಯ ಕೆಲಸದ ಮೇಜಿನ ಮೇಲೆ ಇಟ್ಟುಕೊಂಡು, ತಂತಿ ಎಳೆದು ಜೀವ ಕೊಟ್ಟಿದ್ದರು. ಚೀಟಿಯನ್ನು ಮಾತ್ರ ಕಿತ್ತಿರಲಿಲ್ಲ.

ಅವರ ಕಿವಿಯ ಬಗ್ಗೆ ಕಥೆಗಳಿಗೇನೂ ಬರವಿರಲಿಲ್ಲ. ಭಾಷಣಕ್ಕೆ ಬಂದ ದೊಡ್ಡವರೊಬ್ಬರಿಗೆ, ನಾಳೆ ನಿಮಗೆ ನೆಗಡಿ ಹಿಡಿಯುತ್ತದೆ, ಇವತ್ತೇ ಮುಗಿಸಿಬಿಡೋಣ ಅಂದಿದ್ದರಂತೆ. ಮರುದಿನ ಆ ಮನುಷ್ಯನ ಮೂಗು ಕಟ್ಟಿತ್ತಂತೆ. ಇಂಥ ಕಥೆಗಳಲ್ಲಿ ಅರ್ಧ ನಿಜ, ಮಿಕ್ಕರ್ಧ ಉಪ್ಪುಖಾರ. ಅಮ್ಮ ಬದುಕಿದ್ದಾಗ, ಇವರಿಗೆ ಮೂರನೇ ಮನೆಯ ಗಡಿಯಾರ ಕೇಳಿಸುತ್ತೆ, ನಾನು ಅಡುಗೆಮನೆಯಿಂದ ಕೂಗಿದ್ದು ಮಾತ್ರ ಕೇಳಿಸಲ್ಲ ಅನ್ನುತ್ತಿದ್ದಳು. ಅಪ್ಪ ಅದನ್ನೂ ಹೊಗಳಿಕೆ ಎಂದೇ ತಿಳಿಯುತ್ತಿದ್ದರು.

ನಿವೃತ್ತರಾದ ಮೇಲೆ ಐದು ವರ್ಷ ಮನೆಯಲ್ಲಿ ಕೂತು ನಲ್ಲಿಯ ತೊಟ್ಟಿಕ್ಕುವಿಕೆಯ ಜೊತೆ, ಮೇಲಿನ ಮನೆಯವರ ಕುರ್ಚಿಯ ಜೊತೆ ಜಗಳ ಕಾಯ್ದರು. ಆಮೇಲೆ ಈ ಕೆಲಸ ಬಂತು. ಕಣ್ಣು ಕಾಣದವರಿಗಾಗಿ ನಡೆಯುವ ಗ್ರಂಥಾಲಯವೊಂದರ ಬಳಿ ನೂರ ಎಪ್ಪತ್ತೊಂದು ಪುಸ್ತಕಗಳು ಧ್ವನಿಯಲ್ಲಿದ್ದವು. ಹಿಂದೆ ಯಾರ್ಯಾರೋ ಪುಣ್ಯಾತ್ಮರು ತಿಂಗಳುಗಟ್ಟಲೆ ಕೂತು ಓದಿಕೊಟ್ಟದ್ದು. ಅವನ್ನೆಲ್ಲ ಒಂದು ಕಂಪನಿ ತನ್ನ ಪ್ರೋಗ್ರಾಂ ಒಳಗೆ ಇಟ್ಟು ಬೀಗ ಹಾಕಿ, ಕೆಲವು ವರ್ಷದ ಮೇಲೆ ತಾನೇ ಬಾಗಿಲು ಮುಚ್ಚಿಕೊಂಡು ಹೋಗಿತ್ತು. ಆ ಪ್ರೋಗ್ರಾಂ ಪುಸ್ತಕವನ್ನು ನುಡಿಸುತ್ತಿತ್ತೇ ಹೊರತು ನಕಲು ಮಾಡಲು ಬಿಡುತ್ತಿರಲಿಲ್ಲ. ಒಂದೇ ಒಂದು ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ತೆರೆದುಕೊಳ್ಳುತ್ತಿತ್ತು. ಈ ವರ್ಷದ ಕೊನೆಯ ದಿನಕ್ಕೆ ಅದರ ಪರವಾನಗಿಯೂ ಮುಗಿಯುತ್ತಿತ್ತು. ಅದಾದ ಮೇಲೆ ಒಂದು ಪುಸ್ತಕವೂ ಬಾಯಿ ಬಿಡುವುದಿಲ್ಲ.

ಉಳಿದದ್ದು ಒಂದೇ ದಾರಿ. ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ನುಡಿಸುವುದು, ನುಡಿದ ಸದ್ದನ್ನು ಅದೇ ಕಂಪ್ಯೂಟರಿಗೆ ವಾಪಸು ಕೊಟ್ಟು ಮುದ್ರಿಸಿಕೊಳ್ಳುವುದು. ಕಸುಬಿನವರು ಇದಕ್ಕೆ ಲೂಪ್‌ಬ್ಯಾಕ್ ಅನ್ನುತ್ತಾರೆ. ಸದ್ದು ಹೊರಗೆ ಹೋಗುವುದಕ್ಕೂ ಒಳಗೆ ಬರುವುದಕ್ಕೂ ಕಂಪ್ಯೂಟರಿನ ಪಕ್ಕದಲ್ಲಿ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಯೊಂದು ಇರುತ್ತದೆ. ಈಗಿನ ಪೆಟ್ಟಿಗೆಗಳಲ್ಲಿ ಲೂಪ್‌ಬ್ಯಾಕಿಗೆಂದೇ ಒಂದು ಸ್ವಿಚ್ಚು ಉಂಟು. ಪರದೆಯ ಮೇಲೆ ಒಂದು ಗುರುತು ಒತ್ತಿದರೆ ಸಾಕು, ಸದ್ದು ಹೊರಗೆ ಕಾಲಿಡದೆ ಒಳಗೊಳಗೇ ತಿರುಗಿ ಬರುತ್ತದೆ, ಧೂಳು ಸೋಕುವುದಿಲ್ಲ. ಅಪ್ಪನಿಗೆ ಅದು ಒಗ್ಗಲಿಲ್ಲ. ಅವರು ಪೆಟ್ಟಿಗೆಯ ಹಿಂಬದಿಯಿಂದ ಎರಡು ಕೇಬಲ್ ಎಳೆದು ಮುಂಬದಿಯ ತೂತುಗಳಿಗೆ ಸಿಕ್ಕಿಸಿದರು. ಸದ್ದು ಅಂದಮೇಲೆ ತಂತಿಯಲ್ಲಿ ಹರಿದು ಬರಬೇಕು, ಒಳಗೊಳಗೇ ತಿರುಗಿಸಿಕೊಂಡದ್ದು ಸದ್ದಲ್ಲ, ಬರೀ ಲೆಕ್ಕ ಎಂದು ಸಾರಿಬಿಟ್ಟರು. ಕೇಬಲ್‌ಗಳನ್ನು ತಾವೇ ಬೆಸೆದಿದ್ದರು, ನೋಡಲು ಅಂದವಾಗಿದ್ದವು.

ಮಗಳಿಗೆ ಮೂವತ್ತಾರು. ಶಾಲೆಯೊಂದರ ಕಚೇರಿಯಲ್ಲಿದ್ದ ಕೆಲಸ ಹೋದ ಮೇಲೆ ಅಪ್ಪನ ಜೊತೆ ಕೂತಿದ್ದಳು. ಮುಂದಿನ ಕೋಣೆಯ ಗೋಡೆಗಳಿಗೆ ಕಂಬಳಿ, ಕಿಟಕಿಗೆ ಹಳೆಯ ಹಾಸಿಗೆ, ಬಾಗಿಲ ಸಂದಿಗೆ ಬಟ್ಟೆಯ ಸುರುಳಿ. ಬೆಳಿಗ್ಗೆ ಎಂಟಕ್ಕೆ ಪುಸ್ತಕ ಶುರುವಾದರೆ ಸಂಜೆ ಐದಾರರ ತನಕ. ಆ ಹಳೆಯ ಕಂಪ್ಯೂಟರು ಹತ್ತು ಗಂಟೆಗಿಂತ ಹೆಚ್ಚು ದುಡಿದರೆ ಕಾದು ಕೆಂಡವಾಗಿ ಮುಷ್ಕರ ಹೂಡುತ್ತಿತ್ತು. ಮರುದಿನ ಬೆಳಗಿನವರೆಗೆ ಏಳುತ್ತಿರಲಿಲ್ಲ. ಹೀಗಾಗಿ ದಿನಕ್ಕೊಂದೇ ಪುಸ್ತಕ. ಅಪ್ಪ ಕಣ್ಣು ಮುಚ್ಚಿ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದರು, ಆಗಾಗ ತಲೆದೂಗುತ್ತಿದ್ದರು. ಮುಗಿದ ಮೇಲೆ ತುದಿಮೊದಲು ಕತ್ತರಿಸಿ, ಹೆಸರು ಹಾಕಿ, ಗ್ರಂಥಾಲಯಕ್ಕೆ ಕಳಿಸುವುದು ಅವಳ ಪಾಲಿನದು. ಅಪ್ಪನ ಹೆಡ್‌ಫೋನನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಹಾಕಿಕೊಂಡು ನೋಡಿದ್ದಕ್ಕೆ ಬೆನ್ನಿಗೆ ಬಿದ್ದ ಏಟು ಅವಳಿಗೆ ಇನ್ನೂ ನೆನಪಿತ್ತು. ಅವಳಿಗೆಂದು ಅಂಗಡಿಯ ಅಗ್ಗದ ಹೆಡ್‌ಫೋನ್ ಒಂದಿತ್ತು.

ಮೊದಲು ಗೊತ್ತಾದದ್ದು ಬಟ್ಟೆ ಒಗೆಯುವ ಮೆಷಿನ್ನಿನಿಂದ. ಬಟ್ಟೆ ಮುಗಿದ ಮೇಲೆ ಅದು ಕೂಗುವುದನ್ನು ನಿಲ್ಲಿಸಿದೆ, ಹಾಳಾಗಿದೆ ಎಂದು ಅಪ್ಪ ರಿಪೇರಿಯವನನ್ನು ಕರೆಸಿದರು. ಅವನು ಬಂದು ಗುಂಡಿ ಒತ್ತಿದ. ಮೆಷಿನ್ನು ಮೂರು ಸಲ ಸಣ್ಣಗೆ ಕೂಗಿತು. ನೋಡಿ ಸಾರ್, ಸರಿಯಾಗಿದೆ ಅಂದ. ಅಪ್ಪ, ಎಲ್ಲಿ, ಕೂಗಲಿ, ಕಾಯೋಣ ಎಂದು ಮೆಷಿನ್ನಿನ ಮುಂದೆ ಕೈಕಟ್ಟಿ ನಿಂತರು. ರಿಪೇರಿಯವನು ಅವಳ ಮುಖ ನೋಡಿದ. ಅಪ್ಪನಿಗೆ ಮಾತು ಕೇಳಿಸುತ್ತಿತ್ತು, ಆ ಕೀರಲು ಕೂಗು ಮಾತ್ರ ಕೇಳಿಸಿರಲಿಲ್ಲ. ಅವಳು ಅವನನ್ನು ಬಾಗಿಲವರೆಗೆ ಕಳಿಸಿ ಬಂದು, ಬೇರೆ ಭಾಗ ಹಾಕಬೇಕಂತೆ ಅಪ್ಪಾ, ಸಿಕ್ಕಿದಾಗ ತರ್ತಾನಂತೆ ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಈಗಿನವರಿಗೆ ಕೆಲಸ ಬಾರದಿದ್ದರೆ ಭಾಗ ಸಿಗುವುದಿಲ್ಲ ಎಂದು ಅಪ್ಪ ಗೊಣಗಿದರು. ಅವಳಿಗೆ ಅಳು ನುಗ್ಗಿ ಬಂತು. ಒಗೆದ ಬಟ್ಟೆ ಹಿಂಡುತ್ತಾ ನುಂಗಿಕೊಂಡಳು.

ಅದೇ ವಾರ ಗ್ರಂಥಾಲಯದಿಂದ ಫೋನ್ ಬಂತು. ಅಲ್ಲಿ ಬಂದ ಪುಸ್ತಕಗಳನ್ನೆಲ್ಲ ಕೇಳಿ ತಪ್ಪು ಹಿಡಿಯುವ ಮೇಡಂ ಒಬ್ಬರಿದ್ದರು. ಹುಟ್ಟಿದಾಗಿನಿಂದ ಕಣ್ಣಿಲ್ಲದವರು, ವಯಸ್ಸು ಐವತ್ತರ ಮೇಲೆ, ಮಾತು ನೆಟ್ಟಗೆ. ಅಪ್ಪ ವಾಕಿಂಗ್ ಹೋಗಿದ್ದರಿಂದ ಅವಳೇ ಎತ್ತಿದಳು. ಒಂಬತ್ತು ಪುಸ್ತಕ ಬಂದಿವೆ, ಒಂಬತ್ತರಲ್ಲೂ ಒಂದು ಸೊಳ್ಳೆ ಕೂತಿದೆ ಅಂದರು ಮೇಡಂ. ಮೊದಲಿಂದ ಕೊನೆಯವರೆಗೆ ಗುಂಯ್ ಅನ್ನುತ್ತಿದೆ, ಮೇಷ್ಟ್ರ ಕೈಯಿಂದ ಇದು ಹೇಗೆ ಪಾರಾಯಿತು ಎಂದು ಕೇಳಿದರು. ಆ ಸೊಳ್ಳೆ ಅವಳಿಗೆ ಹೊಸದಲ್ಲ. ಎರಡನೇ ಪುಸ್ತಕದಿಂದಲೇ ಅವಳ ಅಗ್ಗದ ಹೆಡ್‌ಫೋನಿನಲ್ಲಿ ಅದು ಕೇಳಿಸುತ್ತಿತ್ತು. ಕಂಪ್ಯೂಟರಿನ ವಿದ್ಯುತ್ತಿನ ಕೀರಲು ಕೇಬಲ್ ಹಿಡಿದು ಒಳಗೆ ಬರುತ್ತಿತ್ತು. ಡಿಸ್ಕು ತಿರುಗಿದಾಗ ಮೇಲಕ್ಕೇರುವುದು, ನಿಂತಾಗ ಕೆಳಗಿಳಿಯುವುದು. ತನ್ನ ಹೆಡ್‌ಫೋನೇ ಸರಿಯಿಲ್ಲವೇನೋ ಎಂದು ಸುಮ್ಮನಿದ್ದಳು, ಏಕೆಂದರೆ ಅಪ್ಪ ತಲೆದೂಗುತ್ತಿದ್ದರು.

ಅಂದು ಸಂಜೆ ಅಳೆದು ಸುರಿದು ಮಾತು ತೆಗೆದಳು. ಆ ಸ್ವಿಚ್ಚನ್ನು ಒಮ್ಮೆ ನೋಡೋಣವಾ, ಎಲ್ಲೋ ಸಣ್ಣ ಸದ್ದು ಸೇರುತ್ತಿರಬಹುದು ಎಂದಳು. ಅಪ್ಪ ಕೇಬಲ್ ಒರೆಸುತ್ತಿದ್ದರು. ಒರೆಸುತ್ತಿದ್ದ ಕೈ ನಿಂತಿತು.

“ನಿನಗೆ ಕೇಳಿಸ್ತಾ?”

ಆ ಎರಡು ಪದದ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳು ಹೌದು ಅಂದುಬಿಡುತ್ತಿದ್ದಳು. ಅಪ್ಪನ ಮುಖದಲ್ಲಿ ಅವಳು ಅವತ್ತಿನವರೆಗೆ ಕಾಣದ ಒಂದು ಹೆದರಿಕೆ ಇಣುಕಿತ್ತು. ಅದನ್ನು ನೋಡಿ ಅವಳ ಧೈರ್ಯ ಕುಸಿಯಿತು.

“ಇಲ್ಲಪ್ಪಾ,” ಅಂದಳು. “ನನಗೂ ಏನೂ ಕೇಳಿಸ್ಲಿಲ್ಲ. ಸುಮ್ನೆ ಕೇಳಿದೆ.”

ಅಪ್ಪನ ಕೈ ಮತ್ತೆ ಒರೆಸತೊಡಗಿತು. ಆಮೇಲೆ ಬಂತು ಸಿಟ್ಟು. ಕಿವಿಯಿಲ್ಲದವರು ಸ್ವಿಚ್ಚು ಹುಡುಕುತ್ತಾರೆ ಎಂಬಲ್ಲಿಂದ ಹಿಡಿದು ಇಡೀ ಕಾಲವನ್ನೇ ಬೈದರು. ಅವಳು ತಲೆ ತಗ್ಗಿಸಿ ಕೇಳಿದಳು. ಬೈಗುಳ ಕೇಳಿಸಿಕೊಂಡು ಅವಳಿಗೆ ಸಮಾಧಾನವೇ ಆಯಿತು.

ಮರುದಿನದಿಂದ ಅವಳು ಸೊಳ್ಳೆಯನ್ನು ತಾನೇ ಹೊಡೆಯಲು ಶುರುಮಾಡಿದಳು. ಅಪ್ಪ ಸಂಜೆ ವಾಕಿಂಗ್ ಹೊರಟ ಕೂಡಲೇ ಫೈಲ್ ತೆರೆದು ಕೂರುತ್ತಿದ್ದಳು. ಸೊಳ್ಳೆ ಒಂದು ಕಡೆ ಕೂತಿದ್ದರೆ ಅಷ್ಟನ್ನೇ ಕತ್ತರಿಸಬಹುದಿತ್ತು. ಅದು ಏರುತ್ತಿತ್ತು, ಇಳಿಯುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಕೊನೆಗೆ ಅದು ಓಡಾಡುವ ಎತ್ತರದ ಸ್ವರಗಳನ್ನೆಲ್ಲ ಒಂದೇ ಏಟಿಗೆ ಕತ್ತರಿಸಿ ಎಸೆದಳು. ಸೊಳ್ಳೆ ಸತ್ತಿತು. ಅಗ್ಗದ ಹೆಡ್‌ಫೋನಿನಲ್ಲಿ ಓದುವವರ ದನಿ ಕೊಂಚ ಮಂಕಾದಂತೆ ಅನ್ನಿಸಿತು, ಅಷ್ಟೇ. ಕತ್ತರಿಸದ ಫೈಲ್ ಉಳಿದರೆ ಅಪ್ಪನ ಕಣ್ಣಿಗೆ ಒಂದೇ ಪುಸ್ತಕ ಎರಡು ಸಲ ಕಂಡು, ಯಾಕೆ ಎಂದು ಕೇಳುತ್ತಾರೆ. ಅದಕ್ಕೆ ಅದನ್ನು ಅಳಿಸಿಬಿಡುತ್ತಿದ್ದಳು. ಅಪ್ಪ ವಾಪಸು ಬರುವಷ್ಟರಲ್ಲಿ ಮೇಜು ಚೊಕ್ಕಟವಾಗಿರುತ್ತಿತ್ತು.

ಹಾಗೇ ತಿಂಗಳುಗಳು ಕಳೆದವು. ಗ್ರಂಥಾಲಯದ ಮೇಡಂ ಬೆನ್ನಿನ ಆಪರೇಷನ್ ಎಂದು ದೀರ್ಘ ರಜೆ ಹಾಕಿದರು. ಅವರ ಜಾಗಕ್ಕೆ ಬಂದವರು ಪುಸ್ತಕದ ಮೊದಲ ಐದು ನಿಮಿಷ ಕೇಳಿ, ಬಂದಿದೆ, ಸರಿಯಾಗಿದೆ, ಧನ್ಯವಾದ ಎಂದು ಉತ್ತರ ಬರೆಯುತ್ತಿದ್ದರು. ಅಪ್ಪ ಆ ಉತ್ತರಗಳನ್ನು ಓದಿಸಿ ಕೇಳುತ್ತಿದ್ದರು. ಎಪ್ಪತ್ತು, ನೂರು, ನೂರ ಮೂವತ್ತು. ಈ ವಯಸ್ಸಿನಲ್ಲೂ ಒಂದು ದೂರಿಲ್ಲ ನೋಡು ಪುಟ್ಟೀ ಅನ್ನುತ್ತಿದ್ದರು. ಅವರು ಚೇತರಿಸಿಕೊಂಡಿದ್ದರು, ಶರ್ಟಿಗೆ ಇಸ್ತ್ರಿ ಹಾಕಿಕೊಂಡು ಕೆಲಸಕ್ಕೆ ಕೂರುತ್ತಿದ್ದರು. ಅವರ ಖುಷಿ ನೋಡಿ ಅವಳೂ ಖುಷಿಪಟ್ಟಳು, ಅದರಲ್ಲಿ ಸುಳ್ಳಿಲ್ಲ. ರಾತ್ರಿ ನಿದ್ದೆ ಮಾತ್ರ ಸರಿಯಾಗಿ ಬರುತ್ತಿರಲಿಲ್ಲ.

ನೂರ ಅರವತ್ತು ಮುಗಿದು ಹನ್ನೊಂದು ಉಳಿದಾಗ, ವರ್ಷದಲ್ಲೂ ಹನ್ನೊಂದೇ ದಿನ ಉಳಿದಿದ್ದಾಗ, ಮೇಡಂ ರಜೆ ಮುಗಿಸಿ ಬಂದರು. ಬಂದವರೇ ಫೋನ್ ಮಾಡಿದರು. ಈ ಸಲ ಎತ್ತಿದ್ದು ಅಪ್ಪ.

ಫೋನಿನ ಆಚೆಯ ಮಾತು ಅವಳಿಗೆ ಕೇಳಿಸಲಿಲ್ಲ, ಅಪ್ಪನ ಮುಖ ಕಂಡಿತು. ಅವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ನೀವೇ ಬಂದು ಕೇಳಿ, ನಾಳೆಯೇ ಬನ್ನಿ, ಎಂದು ಫೋನ್ ಇಟ್ಟರು. ದನಿಯಲ್ಲಿ ಮೊನಚಿಲ್ಲವಂತೆ, ನಕಲು ಮೂಲದ ಹಾಗಿಲ್ಲವಂತೆ ಎಂದು ಅವಳಿಗೆ ವರದಿ ಒಪ್ಪಿಸಿದರು. ಬೆನ್ನಿಗೆ ಆಪರೇಷನ್ ಆದರೆ ಕಿವಿಗೂ ಆಗಿಬಿಡುತ್ತಾ ಎಂದು ತಮಾಷೆ ಬೇರೆ ಮಾಡಿದರು. ಅವಳು ನಗಲಿಲ್ಲ. ಆ ರಾತ್ರಿಯೆಲ್ಲ ಹೇಳಬೇಕೆಂದು ಮೂರು ಸಲ ಎದ್ದು ಅಪ್ಪನ ಕೋಣೆಯ ಬಾಗಿಲವರೆಗೆ ಹೋದಳು. ಮೂರು ಸಲವೂ ನೀರು ಕುಡಿದು ಬಂದು ಮಲಗಿದಳು.

ಮೇಡಂ ಬಿಳಿ ಕೋಲು ಹಿಡಿದು, ಮೆಟ್ಟಿಲು ಎಣಿಸುತ್ತಾ ಒಬ್ಬರೇ ಹತ್ತಿ ಬಂದರು. ಕೋಣೆಗೆ ಬಂದು ನಿಂತವರು ಒಮ್ಮೆ ಗಂಟಲು ಸರಿಮಾಡಿಕೊಂಡು, ಕಂಬಳಿ ಹಾಕಿದ್ದೀರಿ, ಒಳ್ಳೇ ಕೆಲಸ ಅಂದರು. ಅಪ್ಪನಿಗೆ ಅವರ ಮೇಲೆ ಅಲ್ಲೇ ಗೌರವ ಹುಟ್ಟಿತು. ಕುರ್ಚಿ ಹಾಕಿ ಕೂರಿಸಿದರು. ಮೇಡಂ ಸುತ್ತುಬಳಸಲಿಲ್ಲ.

“ಮೇಷ್ಟ್ರೇ, ಮೊದಲನೇ ಒಂಬತ್ತರಲ್ಲಿ ಸೊಳ್ಳೆ ಇತ್ತು. ಆಮೇಲಿನದರಲ್ಲಿ ಸೊಳ್ಳೆ ಇಲ್ಲ, ಆದರೆ ಓದೋರ ಹಲ್ಲೆಲ್ಲ ಉದುರಿಹೋಗಿದೆ. ಸಕಾರ ಇಲ್ಲ, ಶಕಾರ ಇಲ್ಲ, ಉಸಿರು ತೆಗೆದುಕೊಂಡದ್ದು ಇಲ್ಲ. ನನಗೆ ಹೇಗೋ ಅರ್ಥ ಆಗುತ್ತೆ. ನಮ್ಮಲ್ಲಿ ಕೇಳೋಕೆ ಬರೋರಲ್ಲಿ ವಯಸ್ಸಾದೋರೇ ಹೆಚ್ಚು. ಅವರು, ಇದು ಯಾವ ಭಾಷೆ ಅಂತ ಕೇಳ್ತಿದ್ದಾರೆ.”

ಯಾವ ಸೊಳ್ಳೆ ಎಂದು ಅಪ್ಪ ಕೇಳಿದರು. ಮೇಡಂ ಅಚ್ಚರಿಪಟ್ಟು, ಆಗಲೇ ಫೋನಿನಲ್ಲಿ ಹೇಳಿದ್ದೆನಲ್ಲ ಅಂದರು. ಯಾರಿಗೆ ಹೇಳಿದ್ದು ಎಂದು ಅಪ್ಪ ಕೇಳಲಿಲ್ಲ. ತಮ್ಮ ಕೆಲಸದ ಮೇಲೆ ಬಂದ ಮಾತಿನ ಬಿಸಿಯಲ್ಲಿ ಅದು ಅವರ ತಲೆಗೇ ಹೋಗಲಿಲ್ಲ. ಬಾಯಿಮಾತು ಬೇಡ, ಕಳೆಯುವ ಲೆಕ್ಕ ಮಾಡಿ ತೋರಿಸ್ತೀನಿ ಅಂದುಬಿಟ್ಟರು.

ಕಳೆಯುವ ಲೆಕ್ಕ ಎಂಬುದು ಅಪ್ಪನ ಕಸುಬಿನ ಕೊನೆಯ ಅಸ್ತ್ರ. ಮೂಲವನ್ನೂ ನಕಲನ್ನೂ ಒಂದರ ಕೆಳಗೊಂದು ಕೂದಲೆಳೆ ತಪ್ಪದಂತೆ ಜೋಡಿಸಿ, ನಕಲನ್ನು ತಲೆಕೆಳಗು ಮಾಡಿ, ಎರಡನ್ನೂ ಒಟ್ಟಿಗೆ ನುಡಿಸುವುದು. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ನುಂಗಿಕೊಂಡು ಮೌನ ಉಳಿಯುತ್ತದೆ. ನಕಲಿನಲ್ಲಿ ಏನಾದರೂ ಕಳೆದುಹೋಗಿದ್ದರೆ, ಕಳೆದುಹೋದದ್ದು ಮಾತ್ರ ಉಳಿದು ಕೇಳಿಸುತ್ತದೆ. ಸುಳ್ಳು ಹೇಳಿ ಪಾರಾಗುವ ಸಂದೇ ಇಲ್ಲದ ಪರೀಕ್ಷೆ.

“ಅಪ್ಪಾ, ಇವತ್ತು ಬೇಡ,” ಅಂದಳು ಅವಳು. “ಇವತ್ತಿನ ಪುಸ್ತಕ ತಡ ಆಗುತ್ತೆ.”

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಹತ್ತು ನಿಮಿಷದ ಕೆಲಸ ಎಂದು ಅಪ್ಪ ಕುರ್ಚಿ ಎಳೆದುಕೊಂಡರು. ನಲವತ್ತನೆಯ ಪುಸ್ತಕದ ಮೊದಲ ಪುಟವನ್ನು ಹಳೆಯ ಪ್ರೋಗ್ರಾಮಿನಿಂದ ನುಡಿಸಿ, ಅವೇ ಕೇಬಲ್‌ಗಳಲ್ಲಿ ಹೊಸದಾಗಿ ಮುದ್ರಿಸಿದರು. ಕಳಿಸಿದ ಫೈಲನ್ನು ಕೆಳಗೆ ಇಡು ಎಂದು ಅವಳಿಗೆ ಹೇಳಿದರು. ಅವಳು ಇಟ್ಟಳು. ಜೋಡಿಸು ಅಂದರು. ಜೋಡಿಸಿದಳು. ತಿರುಗಿಸು ಅಂದರು. ಅವಳು ಎರಡು ಸಲ ತಪ್ಪು ಗುಂಡಿ ಒತ್ತಿದಳು. ಆಗಲೂ ಹೇಳಬಹುದಿತ್ತು. ಮೂರನೇ ಸಲ ಸರಿಯಾಗಿ ಒತ್ತಿದಳು. ಮೇಡಂ ಕೇಳಲೆಂದು ಅಪ್ಪ ಹೆಡ್‌ಫೋನ್ ಬಿಟ್ಟು ದೊಡ್ಡ ಸ್ಪೀಕರುಗಳನ್ನೇ ಹಾಕಿ, ಕಣ್ಣು ಮುಚ್ಚಿಕೊಂಡು, ನುಡಿಸು ಅಂದರು.

ಕೋಣೆಯ ತುಂಬ ಸೊಳ್ಳೆ ಎದ್ದಿತು. ಅದರ ಹಿಂದೆ, ಗಂಟಲೇ ಇಲ್ಲದ ಯಾರೋ ಪಿಸುಗುಡುತ್ತಿದ್ದರು. ಸ್, ಶ್, ಚ್, ಮತ್ತೆ ಒಂದು ಉಸಿರು. ಸ್, ಶ್. ಇಡೀ ಪುಟದಿಂದ ಅವಳು ಕಿತ್ತು ಎಸೆದದ್ದೆಲ್ಲ, ಎಸೆದ ಕ್ರಮದಲ್ಲೇ, ಸಾಲಾಗಿ ಬರುತ್ತಿತ್ತು. ಅವಳು ಕುಳಿತಲ್ಲೇ ಕುಗ್ಗಿದಳು. ಒಂದು ಪುಸ್ತಕದ ಒಂದು ಪುಟದ್ದೇ ಇಷ್ಟು. ಇಂಥ ಪುಸ್ತಕಗಳು ನೂರ ಐವತ್ತೊಂದು.

ಅಪ್ಪ ಕಣ್ಣು ಮುಚ್ಚಿಯೇ ಇದ್ದರು. ಮುಖದಲ್ಲಿ ನಿಧಾನವಾಗಿ ನೆಮ್ಮದಿ ಹರಡಿತು. ಒಂದು ಬೆರಳು ಎತ್ತಿ, ನೋಡಿ ಅನ್ನುವಂತೆ ಗಾಳಿಯಲ್ಲಿ ಹಿಡಿದರು.

“ಕೇಳಿದಿರಾ ಮೇಡಂ? ಏನೂ ಇಲ್ಲ. ನಿಶ್ಶಬ್ದ.”

ಮೇಡಂ ತಲೆಯನ್ನು ಸ್ಪೀಕರಿನ ಕಡೆಗೊಮ್ಮೆ, ಅಪ್ಪನ ಕಡೆಗೊಮ್ಮೆ ತಿರುಗಿಸಿದರು. ಅಪ್ಪ ತಮಾಷೆ ಮಾಡುತ್ತಿದ್ದಾರೋ ಎಂದು ಒಂದು ಕ್ಷಣ ಅನುಮಾನಿಸಿದಂತಿತ್ತು. ಆಮೇಲೆ ಅವರ ಮುಖ ಮೆತ್ತಗಾಯಿತು. ಅದೇ ಮೆತ್ತಗಿನ ದನಿಯಲ್ಲಿ ಕೇಳಿದರು.

“ಮೇಷ್ಟ್ರೇ, ಹಾಗಾದರೆ ಇಲ್ಲಿ ಪಿಸುಗುಡ್ತಾ ಇರೋದು ಯಾರು?”

ಯಾರೂ ಇಲ್ಲವಲ್ಲ ಎಂದು ಅಪ್ಪ ನಕ್ಕರು. ನಕ್ಕು ಕಣ್ಣು ತೆರೆದರು. ತೆರೆದ ಕಣ್ಣಿಗೆ ಮೊದಲು ಬಿದ್ದದ್ದು ಮಗಳ ಮುಖ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಸ್ಪೀಕರನ್ನೇ ನೋಡುತ್ತಿದ್ದಳು. ಅಪ್ಪ ಅವಳ ನೋಟ ಹಿಡಿದು ಸ್ಪೀಕರಿನ ಕಡೆ ನೋಡಿದರು, ಅಲ್ಲಿಂದ ಮೇಜಿನ ಮೇಲಿನ ಮೀಟರಿನ ಕಡೆಗೆ. ಚೀಟಿಯ ಕೆಳಗೆ ಒಂದು ಬೆರಳಿನಷ್ಟು ಗಾಜು ಖಾಲಿ ಇತ್ತು. ಅಲ್ಲಿ ಮುಳ್ಳಿನ ಬುಡ ಅತ್ತಿತ್ತ ಆಡುತ್ತಿತ್ತು.

ಅವರು ಎದ್ದರು. ಚೀಟಿಯ ಮೂಲೆಯನ್ನು ಉಗುರಿನಿಂದ ಕೆದಕಿದರು. ಆರು ವರ್ಷದ ಅಂಟು, ಬೇಗ ಬಿಡಲಿಲ್ಲ. ಕಿವಿ ಇದೆಯಲ್ಲ ಎಂಬ ಅಕ್ಷರಗಳು ಎರಡು ತುಂಡಾಗಿ ಕೈಗೆ ಬಂದವು. ಗಾಜಿನ ಹಿಂದೆ ಮುಳ್ಳು ಏಳುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಅಪ್ಪ ಅದಕ್ಕೆ ಮುಖ ಕೊಟ್ಟು ನಿಂತರು. ಕಿವಿಯನ್ನು ಸ್ಪೀಕರಿಗೆ ಹತ್ತಿರ ಒಯ್ದರು, ಇನ್ನೂ ಹತ್ತಿರ, ಬಟ್ಟೆಗೆ ತಾಗುವಷ್ಟು. ಮುಳ್ಳು ಆಡುತ್ತಲೇ ಇತ್ತು.

“ನಿಲ್ಲಿಸು,” ಅಂದರು.

ಅವಳು ನಿಲ್ಲಿಸಿದಳು. ಮುಳ್ಳು ಮಲಗಿತು. ನುಡಿಸು ಅಂದರು, ನುಡಿಸಿದಳು, ಎದ್ದಿತು. ಹೀಗೆ ಮೂರು ಸಲ. ಪಾಠ ಕಲಿಯಲು ಬಂದ ಹೊಸಬರಿಗೆ ಅವರು ಮಾಡಿಸುತ್ತಿದ್ದದ್ದೂ ಇದನ್ನೇ, ಉಲ್ಟಾ. ಕೊನೆಗೆ ಕುರ್ಚಿಗೆ ಬಂದು ಕೂತು, ಅವಳ ಕಡೆ ನೋಡದೆ ಕೇಳಿದರು.

“ಯಾವತ್ತಿಂದ ಗೊತ್ತು ನಿನಗೆ?”

ಅವಳು ಎಲ್ಲ ಹೇಳಿದಳು. ಮೆಷಿನ್ನಿನ ಕೂಗು, ಫೋನು, ಸೊಳ್ಳೆ, ಸಂಜೆ ಸಂಜೆಯ ಕತ್ತರಿ. ಹೇಳುವಾಗ ಅತ್ತಳು, ಅತ್ತು ಮತ್ತೆ ಹೇಳಿದಳು. ನಿಮಗೆ ನೋವಾಗಬಾರದು ಅಂತ ಎಂಬ ಮಾತನ್ನು ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದಳು. ಈಗ ಬಾಯಲ್ಲಿ ಅದು ಕೆಲಸಕ್ಕೆ ಬಾರದ ಮಾತಾಗಿ ಕೇಳಿಸಿತು. ಅಪ್ಪ ಸಿಟ್ಟಾಗಲಿಲ್ಲ. ಅವರು ಒಂದೇ ಒಂದು ಪ್ರಶ್ನೆ ಕೇಳಿದರು: ಕತ್ತರಿಸುವ ಮುಂಚಿನದು ಇದೆಯಾ? ಅಳಿಸಿದೆ ಅಂದಳು. ಅಷ್ಟೂ? ಅಷ್ಟೂ. ಅಪ್ಪ ಕಣ್ಣು ಮುಚ್ಚಿಕೊಂಡರು. ಅವಳನ್ನು ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಲೆಕ್ಕ ಹಾಕಿದ್ದು ಮೇಡಂ. ಹನ್ನೊಂದು ದಿನ, ದಿನಕ್ಕೊಂದು. ಹಲ್ಲು ಉದುರಿದ ಪುಸ್ತಕಗಳನ್ನು ಮತ್ತೆ ಮಾಡಹೊರಟರೆ ಇನ್ನೂ ಮಾಡದ ಹನ್ನೊಂದು ಪೂರ್ತಿ ಹೋಗುತ್ತವೆ. ಹನ್ನೊಂದನ್ನು ಉಳಿಸಿಕೊಂಡರೆ ನೂರ ಐವತ್ತೊಂದು ಎಂದೆಂದಿಗೂ ಹಾಗೇ. ಅದರಲ್ಲಿ ಆರಿಸುವುದೇನೂ ಇರಲಿಲ್ಲ. ಸೊಳ್ಳೆಯಿದ್ದ ಆ ಮೊದಲನೇ ಒಂಬತ್ತೇ ಈಗ ಚಿನ್ನ ಎಂದು ಮೇಡಂ ನಿಟ್ಟುಸಿರು ಬಿಟ್ಟರು. ಹೊರಡುವಾಗ ಬಾಗಿಲಲ್ಲಿ ನಿಂತು, ಹಲ್ಲಿಲ್ಲದ ಅಜ್ಜಿ ಹೇಳಿದ ಕಥೆನೂ ನಾವು ಕೇಳಿಲ್ವಾ ಮೇಷ್ಟ್ರೇ, ಕೇಳ್ತೀವಿ ಬಿಡಿ ಅಂದರು. ಅದು ಸಮಾಧಾನಕ್ಕೆ ಹೇಳಿದ್ದು ಎಂದು ಮೂವರಿಗೂ ಗೊತ್ತಿತ್ತು. ಅವರ ಕೋಲು ಮೆಟ್ಟಿಲಿಳಿಯುವ ಸದ್ದನ್ನು ಅವಳು ಕೊನೆಯವರೆಗೂ ಕೇಳಿದಳು. ಅಪ್ಪನಿಗೆ ಎಷ್ಟು ಮೆಟ್ಟಿಲವರೆಗೆ ಕೇಳಿಸಿತೋ ಎಂದು ಯೋಚಿಸಿದಳು.

ಆಮೇಲೆ ಅಪ್ಪ ಕೇಬಲ್‌ಗಳನ್ನು ಕಿತ್ತರು. ಸಿಕ್ಕಾಗದಂತೆ ಒಂದು ಸುತ್ತು ಒಳಗೆ, ಒಂದು ಸುತ್ತು ಹೊರಗೆ, ಕಸುಬಿನವರು ಸುತ್ತುವ ರೀತಿಯಲ್ಲೇ ಸುತ್ತಿ, ದಾರ ಕಟ್ಟಿ ಡ್ರಾಯರಿನಲ್ಲಿಟ್ಟರು. ಆ ಸ್ವಿಚ್ಚು ಎಲ್ಲಿದೆ ಎಂದು ಕೇಳಿದರು. ಅವಳು ತೋರಿಸಿದಳು. ಅವರೇ ಒತ್ತಿದರು. ಅಷ್ಟೇ ಕೆಲಸ, ಒಂದು ಗುರುತು. ನೂರ ಅರವತ್ತು ದಿನ ಮೊದಲು ಒತ್ತಬಹುದಾಗಿದ್ದದ್ದು.

ಹೆಡ್‌ಫೋನನ್ನು ಕೈಗೆತ್ತಿಕೊಂಡು ಅವರು ಸ್ವಲ್ಪ ಹೊತ್ತು ಅದರ ಮೆತ್ತೆಯನ್ನು ಸವರಿದರು. ಆಮೇಲೆ ಬಾಗಿ ಅವಳ ತಲೆಗೆ ಹಾಕಿದರು, ಪಟ್ಟಿಯನ್ನು ಅವಳ ಅಳತೆಗೆ ಸರಿಪಡಿಸಿದರು. ಎಷ್ಟೋ ವರ್ಷ ಅವಳು ಇದಕ್ಕಾಗಿ ಆಸೆಪಟ್ಟಿದ್ದಳು. ಅಪ್ಪ ಒಂದು ದಿನ ತಾವಾಗಿ ಕೊಡುತ್ತಾರೆ, ಈಗ ನಿನಗೆ ಕಿವಿ ಬಂತು ಅನ್ನುತ್ತಾರೆ ಎಂದು ಕಾದಿದ್ದಳು. ಕೊಟ್ಟರು. ಏನೂ ಅನ್ನಲಿಲ್ಲ. ಮೆತ್ತೆಯಲ್ಲಿ ಇನ್ನೂ ಅವರ ಕಿವಿಯ ಬಿಸುಪಿತ್ತು.

ನೂರ ಅರವತ್ತೊಂದನೆಯ ಪುಸ್ತಕ ಶುರುವಾಯಿತು. ಓದುತ್ತಿದ್ದವಳು ಯಾವಳೋ ಹೆಂಗಸು, ಈಗ ಇದ್ದಾಳೋ ಇಲ್ಲವೋ. ಅವಳ ಒಂದೊಂದು ಸಕಾರವೂ ಸ್ಪಷ್ಟ, ಪುಟ ತಿರುವಿದ್ದು ಸ್ಪಷ್ಟ, ಸಾಲಿನ ಕೊನೆಯಲ್ಲಿ ಎಳೆದುಕೊಂಡ ಉಸಿರೂ ಸ್ಪಷ್ಟ. ಹಿಂದೆ ಯಾವ ಕೀರಲೂ ಇರಲಿಲ್ಲ. ಇಷ್ಟು ಚೊಕ್ಕ ಸದ್ದನ್ನು ಆ ಕೋಣೆಯಲ್ಲಿ ಅವಳು ಕೇಳಿಯೇ ಇರಲಿಲ್ಲ. ಅದನ್ನು ಕೇಳುತ್ತಾ ಅವಳಿಗೆ ಹಿಂದಿನ ಪುಸ್ತಕಗಳನ್ನು ಓದಿದ ಅಷ್ಟೂ ಜನರ ನೆನಪಾಗಿ ದುಃಖ ಒತ್ತರಿಸಿತು.

ಅಪ್ಪ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಅವರಿಗೆ ಮಾಡಲು ಏನೂ ಇರಲಿಲ್ಲ. ಹೆಡ್‌ಫೋನಿಲ್ಲದೆ ತಲೆ ಚಿಕ್ಕದಾಗಿ ಕಾಣುತ್ತಿತ್ತು. ಹತ್ತು ನಿಮಿಷ ಕಳೆದ ಮೇಲೆ ಅವಳ ತೋಳು ಮುಟ್ಟಿದರು. ಅವಳು ಒಂದು ಕಿವಿಯ ಮೆತ್ತೆ ಸರಿಸಿದಳು.

“ಸೊಳ್ಳೆ ಇದೆಯಾ?”

“ಇಲ್ಲಪ್ಪಾ,” ಅಂದಳು.

ಈ ಸಲ ಅದು ನಿಜ. ಆದರೆ ದನಿ ಅದೇ, ಮಾತೂ ಅದೇ, ಅಂದು ಕೇಬಲ್ ಒರೆಸುತ್ತಿದ್ದಾಗ ಹೇಳಿದ್ದೇ. ಅಪ್ಪ ಅವಳನ್ನು ಒಂದು ಗಳಿಗೆ ನೋಡಿದರು. ಹೂಂ ಅಂದರು. ಸ್ಪೀಕರಿನಲ್ಲಿ ಸಣ್ಣಗೆ ನುಡಿಯುತ್ತಿದ್ದ ಓದುವವಳು ಸಾಲಿನ ನಡುವೆ ನಿಲ್ಲುವುದನ್ನೇ ಕಾದಿದ್ದು, ನಿಂತ ಕೂಡಲೇ, ಮುಳ್ಳು ಪೂರ್ತಿ ಕೆಳಗೆ ಮಲಗುತ್ತದೋ ಇಲ್ಲವೋ ಎಂದು ಕುತ್ತಿಗೆ ಚಾಚಿ ಮೀಟರ್ ನೋಡಿದರು.